ಸ್ವಿಚ್ ಬರೆಯಬೇಕಾ, ಇಫ್-ಎಲ್ಸ್ ಸಾಕಾ?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ ಓದುತ್ತಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಸಿ ಲ್ಯಾಬ್‌ನಲ್ಲಿ ಕ್ಯಾಲ್ಕುಲೇಟರ್ ಪ್ರೋಗ್ರಾಂ ಅನ್ನು, ಒತ್ತಿದ ಚಿಹ್ನೆ ನೋಡಿ ದಾರಿ ಆರಿಸುವ ಸ್ವಿಚ್ ಬಳಸಿ ಬರೆದೆ. ಕೂಡಿಸು ಅಂದರೆ ಕೂಡಿದ್ದು, ಕಳೆದದ್ದು, ಗುಣಿಸಿದ್ದು, ಭಾಗಿಸಿದ್ದು ಎಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ. ಲೂಪ್ ಒಳಗೆ ಹಾಕಿದರೆ ಎರಡನೇ ಸಲ ಚಿಹ್ನೆ ಒತ್ತಲು ಬಿಡದೆಯೇ ‘ತಪ್ಪು ಆಯ್ಕೆ’ ಅಂತ ಬರುತ್ತದೆ. ನಿಲ್ಲಿಸಲು ಒಂದು ಕೇಸ್ ಬರೆದು ಬ್ರೇಕ್ ಹಾಕಿದರೆ ನಿಲ್ಲುವುದೂ ಇಲ್ಲ. ಇಫ್-ಎಲ್ಸ್‌ನಲ್ಲಿ ಬರೆದ ಗೆಳೆಯನಿಗೆ ಎರಡನೇ ತೊಂದರೆ ಮಾತ್ರ ಇದೆ, ಉಳಿದೆರಡು ಇಲ್ಲ. ಹಾಗಾದರೆ ಸ್ವಿಚ್ ಯಾಕೆ ಬೇಕು? ಸ್ವಿಚ್ ವೇಗವಾಗಿ ಓಡುತ್ತದೆ ಅಂತ ನಮ್ಮ ಲೆಕ್ಚರರ್ ಹೇಳುತ್ತಾರೆ. ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ಅಣ್ಣ ಸ್ವಿಚ್ ಬಳಸಲೇಬೇಡ ಅನ್ನುತ್ತಾನೆ. ಮುಂದಿನ ಸೆಮಿಸ್ಟರ್ ಪೈಥಾನ್ ಕಲಿಯಬೇಕು, ಅದರಲ್ಲಿ ಸ್ವಿಚ್ ಇಲ್ಲವಂತೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಪ್ರೋಗ್ರಾಂ ಸರಿ ಮಾಡೋಣ, ಅಣ್ಣ ಮತ್ತು ಲೆಕ್ಚರರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಕೆಳಗೆ ಕೋಡ್ ತೋರಿಸುವ ಕಡೆ ಕೀವರ್ಡ್‌ಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ‘ತೋರಿಸು’ ಅಂದರೆ ಪರದೆಯ ಮೇಲೆ ಉತ್ತರ ತೋರಿಸುವ ಆಜ್ಞೆ. ನೀವು ಟೈಪ್ ಮಾಡುವಾಗ ಲ್ಯಾಬ್‌ನಲ್ಲಿ ಕಲಿತ ಇಂಗ್ಲಿಷ್ ಕೀವರ್ಡ್‌ಗಳನ್ನೇ ಹಾಕಿ.

ನೀವು ಬರೆದದ್ದು ಹೆಚ್ಚುಕಡಿಮೆ ಹೀಗಿರಬೇಕು:

ಸ್ವಿಚ್ (ಚಿಹ್ನೆ) {
  ಕೇಸ್ '+': ತೋರಿಸು(ಅ + ಬ);
  ಕೇಸ್ '-': ತೋರಿಸು(ಅ - ಬ);
  ಕೇಸ್ '*': ತೋರಿಸು(ಅ * ಬ);
  ಕೇಸ್ '/': ತೋರಿಸು(ಅ / ಬ);
  ಡಿಫಾಲ್ಟ್: ತೋರಿಸು("ತಪ್ಪು ಆಯ್ಕೆ");
}

ಒಂದು ಪರೀಕ್ಷೆ ಮಾಡಿ ನೋಡಿ. ಕೂಡಿಸುವ ಬದಲು ಗುಣಿಸುವ ಚಿಹ್ನೆ ಕೊಡಿ. ಈಗ ಎಲ್ಲ ಉತ್ತರವೂ ಬರುವುದಿಲ್ಲ. ಗುಣಿಸಿದ್ದು, ಭಾಗಿಸಿದ್ದು, ‘ತಪ್ಪು ಆಯ್ಕೆ’ ಇಷ್ಟೇ ಬರುತ್ತದೆ. ಭಾಗಿಸುವ ಚಿಹ್ನೆ ಕೊಟ್ಟರೆ ಇನ್ನೂ ಕಡಿಮೆ. ಇದರಲ್ಲೇ ಕಾರಣ ಕಾಣುತ್ತದೆ. ಸಿ ಭಾಷೆಯಲ್ಲಿ ಕೇಸ್ ಅನ್ನುವುದು ಒಂದು ಕೋಣೆಯಲ್ಲ, ಬರೀ ಲೇಬಲ್. ಅದನ್ನು ಬಸ್ ಸ್ಟಾಪ್ ಅಂದುಕೊಳ್ಳಿ. ಚಿಹ್ನೆಯ ಬೆಲೆ ನೋಡಿ ಯಾವ ಸ್ಟಾಪ್‌ನಲ್ಲಿ ಹತ್ತಬೇಕು ಅಂತ ಸ್ವಿಚ್ ಹೇಳುತ್ತದೆ, ಅಷ್ಟೇ. ಎಲ್ಲಿ ಇಳಿಯಬೇಕು ಅಂತ ಹೇಳುವುದು ಬ್ರೇಕ್. ಇಳಿಯದೇ ಕೂತರೆ ಬಸ್ ಮುಂದಿನ ಎಲ್ಲ ಸ್ಟಾಪ್ ದಾಟಿ ಕೊನೆಯವರೆಗೆ ಹೋಗುತ್ತದೆ. ಹೀಗೆ ಒಂದು ಕೇಸ್‌ನಿಂದ ಮುಂದಿನದಕ್ಕೆ ಜಾರುವುದನ್ನು ಫಾಲ್-ಥ್ರೂ ಅನ್ನುತ್ತಾರೆ. ಪ್ರತಿ ಸಾಲಿನ ಕೊನೆಗೂ ಒಂದು ಬ್ರೇಕ್ ಹಾಕಿ, ನಿಮ್ಮ ಮೊದಲ ತೊಂದರೆ ಮುಗಿಯಿತು. ಗೆಳೆಯನ ಇಫ್-ಎಲ್ಸ್‌ನಲ್ಲಿ ಪ್ರತಿ ಕವಲಿಗೂ ಅದರದ್ದೇ ಗಡಿ ಇದೆ. ಅದಕ್ಕೇ ಅವನಿಗೆ ಇದು ಬರಲಿಲ್ಲ.

ಭಾಷೆಯನ್ನು ಹೀಗೆ ಯಾಕೆ ಮಾಡಿದರು ಅಂತ ಕೇಳುತ್ತೀರಿ, ಅಲ್ವಾ? 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಭಾಷೆ ರೂಪಿಸಿದಾಗ, ಅದರ ಹಿಂದಿದ್ದ ಬಿ ಮತ್ತು ಬಿಸಿಪಿಎಲ್ ಭಾಷೆಗಳ ಗುಣ ಇದಕ್ಕೂ ಬಂತು. ಆ ಭಾಷೆಗಳು ಯಂತ್ರಕ್ಕೆ ತೀರಾ ಹತ್ತಿರ. ಯಂತ್ರದ ಮಟ್ಟದಲ್ಲಿ ‘ಇಂಥ ಜಾಗಕ್ಕೆ ಜಿಗಿ’ ಅನ್ನುವುದೊಂದೇ ಇರುತ್ತದೆ, ‘ಅಲ್ಲಿ ಮುಗಿಸಿ ಹೊರಗೆ ಬಾ’ ಅನ್ನುವುದನ್ನು ಬೇರೆಯಾಗಿ ಬರೆಯಬೇಕು. ಬೇರೆ ದಾರಿ ಆಗಲೇ ಗೊತ್ತಿರಲಿಲ್ಲ ಅಂತಲ್ಲ. 1970ರಲ್ಲಿ ನಿಕ್ಲಾಸ್ ವಿರ್ಟ್ ತಂದ ಪಾಸ್ಕಲ್‌ನಲ್ಲಿ ಕೇಸ್ ಜಾರುವುದೇ ಇಲ್ಲ. ಆದರೆ ಜಗತ್ತು ಹಿಡಿದದ್ದು ಸಿ ದಾರಿಯನ್ನು. ಸಿ ಪ್ಲಸ್ ಪ್ಲಸ್, ಜಾವಾ, ಜಾವಾಸ್ಕ್ರಿಪ್ಟ್ ಎಲ್ಲಕ್ಕೂ ಈ ಅಭ್ಯಾಸ ಅಂಟಿತು.

ಜಾರುವುದು ಉಪಯೋಗಕ್ಕೆ ಬರುವ ಜಾಗ ನನ್ನ ಪ್ರಕಾರ ಒಂದೇ: ಹಲವು ಬೆಲೆಗಳಿಗೆ ಒಂದೇ ಕೆಲಸ ಮಾಡಬೇಕಾದಾಗ.

ಕೇಸ್ '*':
ಕೇಸ್ 'x':
ಕೇಸ್ 'X': ತೋರಿಸು(ಅ * ಬ); ಬ್ರೇಕ್;

ಗುಣಿಸಲು ನಕ್ಷತ್ರ ಒತ್ತಿದರೂ ಸರಿ, ಎಕ್ಸ್ ಅಕ್ಷರ ಒತ್ತಿದರೂ ಸರಿ. ಇದು ಓದಲೂ ಚೆನ್ನಾಗಿದೆ. ಇದನ್ನೇ ಕೆಲವರು ನಡುವೆ ‘ಅಥವಾ’ ಚಿಹ್ನೆ ಇಟ್ಟು ಒಂದೇ ಸಾಲಿನಲ್ಲಿ ಬರೆಯುತ್ತಾರೆ, ‘ಕೇಸ್ 2 || 3’ ಅಂತ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಸುಮ್ನೆ ಒಪ್ಪಿಕೊಂಡುಬಿಡುತ್ತದೆ, ಆದರೆ ಅರ್ಥವೇ ಬೇರೆ. ಸಿ ಭಾಷೆಯಲ್ಲಿ ‘2 ಅಥವಾ 3’ ಅನ್ನುವ ಲೆಕ್ಕದ ಉತ್ತರ ‘ನಿಜ’, ಅಂದರೆ 1. ಹಾಗಾಗಿ ಅದು ‘ಕೇಸ್ 1’ ಆಗುತ್ತದೆ. 2 ಒತ್ತಿದರೂ 3 ಒತ್ತಿದರೂ ಅದು ಓಡುವುದಿಲ್ಲ.

ಇಲ್ಲಿ ಇನ್ನೊಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ, ಇವತ್ತಲ್ಲ ನಾಳೆ ನಿಮಗೆ ಎದುರಾಗುತ್ತದೆ. ಕೇಸ್ ಲೇಬಲ್ ಆದ ಕೂಡಲೇ ಹೊಸ ವೇರಿಯಬಲ್ ಘೋಷಿಸಿದರೆ ಹಳೆಯ ಸಿ ಕಂಪೈಲರ್‌ಗಳು ಎರರ್ ಕೊಡುತ್ತವೆ. ಲೇಬಲ್ ಆದಮೇಲೆ ಒಂದು ಸ್ಟೇಟ್‌ಮೆಂಟ್ ಇರಬೇಕು, ಘೋಷಣೆ ಸ್ಟೇಟ್‌ಮೆಂಟ್ ಅಲ್ಲ ಅನ್ನುವುದು ಸಿ ಭಾಷೆಯ ಸಿ23 ಆವೃತ್ತಿಗೆ ಮೊದಲಿನ ನಿಯಮ. ಆ ಕೇಸ್‌ನ ಸಾಲುಗಳ ಸುತ್ತ ಹೂವಿನ ಬ್ರಾಕೆಟ್ ಹಾಕಿದರೆ ಸರಿಹೋಗುತ್ತದೆ.

ಈಗ ಎರಡನೇ ತೊಂದರೆ. ಇದು ಗೆಳೆಯನಿಗೂ ಇದೆ ಅಂದಿರಿ. ಅಂದಮೇಲೆ ಇದು ಸ್ವಿಚ್‌ನ ತಪ್ಪಲ್ಲ ಅಂತ ಆಗಲೇ ಗೊತ್ತಾಯಿತು. ನಿಮ್ಮ ಪ್ರೋಗ್ರಾಂ ಮೊದಲು ಚಿಹ್ನೆ ಕೇಳಿ, ಆಮೇಲೆ ಎರಡು ಸಂಖ್ಯೆ ಕೇಳುತ್ತಿರಬೇಕು. ಎರಡನೇ ಸಂಖ್ಯೆ ಟೈಪ್ ಮಾಡಿ ಎಂಟರ್ ಒತ್ತುತ್ತೀರಿ. ಒತ್ತಿದ್ದನ್ನು ಓದುವ ಸ್ಕ್ಯಾನ್‌ಎಫ್ ಸಂಖ್ಯೆಯನ್ನು ಮಾತ್ರ ಎತ್ತಿಕೊಳ್ಳುತ್ತದೆ, ಎಂಟರ್ ಅಲ್ಲೇ ಉಳಿಯುತ್ತದೆ. ಸಂಖ್ಯೆ ಓದುವಾಗ ಸ್ಕ್ಯಾನ್‌ಎಫ್ ಮುಂದಿರುವ ಖಾಲಿ ಜಾಗ, ಎಂಟರ್ ಎಲ್ಲವನ್ನೂ ದಾಟಿಕೊಂಡು ಹೋಗುತ್ತದೆ. ಒಂದು ಅಕ್ಷರ ಓದುವಾಗ ಮಾತ್ರ ದಾಟುವುದಿಲ್ಲ, ಎದುರಿಗೆ ಏನಿದೆಯೋ ಅದನ್ನೇ ತೆಗೆದುಕೊಳ್ಳುತ್ತದೆ. ಹಾಗಾಗಿ ಎರಡನೇ ಸುತ್ತಿನಲ್ಲಿ ನಿಮ್ಮ ಚಿಹ್ನೆಯ ಜಾಗಕ್ಕೆ ಹಳೆಯ ಎಂಟರ್ ಬಂದು ಕೂರುತ್ತದೆ. ಅದು ಯಾವ ಕೇಸ್‌ಗೂ ಹೊಂದುವುದಿಲ್ಲ, ಡಿಫಾಲ್ಟ್ ಓಡುತ್ತದೆ. ಪರಿಹಾರ ಒಂದೇ ಒಂದು ಸ್ಪೇಸ್. ಅಕ್ಷರ ಓದುವ ಫಾರ್ಮ್ಯಾಟ್‌ನಲ್ಲಿ ಶೇಕಡಾ ಚಿಹ್ನೆಗೆ ಮುಂಚೆ, ಉದ್ಧರಣ ಚಿಹ್ನೆಯ ಒಳಗೆ, ಒಂದು ಸ್ಪೇಸ್ ಬಿಡಿ. ಆಗ ಇದ್ದಬದ್ದ ಖಾಲಿ ಜಾಗವನ್ನೆಲ್ಲ ದಾಟಿ ನಿಜವಾದ ಅಕ್ಷರವನ್ನು ಓದುತ್ತದೆ. ಅಂದಹಾಗೆ, ನೀವು ಡಿಫಾಲ್ಟ್ ಬರೆದಿದ್ದರಿಂದಲೇ ಈ ದೋಷ ಕಣ್ಣಿಗೆ ಬಿತ್ತು. ಬರೆಯದಿದ್ದರೆ ಪ್ರೋಗ್ರಾಂ ಒಂದು ಸುತ್ತು ಸುಮ್ಮನೆ ಕಳೆದು, ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಳ್ಳಬೇಕಾಗುತ್ತಿತ್ತು.

ಮೂರನೆಯದು ನಿಲ್ಲದಿರುವುದು. ಬ್ರೇಕ್ ತನ್ನ ಸುತ್ತ ಇರುವ ಅತಿ ಹತ್ತಿರದ ಲೂಪ್ ಅಥವಾ ಸ್ವಿಚ್‌ನಿಂದ ಹೊರಗೆ ಬರುತ್ತದೆ. ನಿಮ್ಮಲ್ಲಿ ಹತ್ತಿರ ಇರುವುದು ಸ್ವಿಚ್. ಅದರಿಂದ ಹೊರಬಂದು ಮತ್ತೆ ಲೂಪ್‌ನ ಮೊದಲಿಗೆ ಹೋಗುತ್ತದೆ. ಗೆಳೆಯನ ಕೋಡ್‌ನಲ್ಲಿ ಸ್ವಿಚ್ ಇಲ್ಲ, ಇಫ್ ಅನ್ನು ಬ್ರೇಕ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅವನದು ನೇರ ಲೂಪ್‌ನಿಂದಲೇ ಹೊರಬಂತು. ನಿಮಗೆ ಎರಡು ದಾರಿ ಇದೆ. ಲೂಪ್‌ನ ಷರತ್ತಿನಲ್ಲೇ ‘ಚಿಹ್ನೆ ನಿಲ್ಲಿಸುವ ಅಕ್ಷರ ಆಗಿಲ್ಲದವರೆಗೆ’ ಅಂತ ಬರೆಯಿರಿ. ಇಲ್ಲವಾದರೆ ಇಡೀ ಮೆನುವನ್ನು ಒಂದು ಫಂಕ್ಷನ್ ಮಾಡಿ ಆ ಕೇಸ್‌ನಲ್ಲಿ ರಿಟರ್ನ್ ಹಾಕಿ. ನನಗೆ ಎರಡನೆಯದು ಇಷ್ಟ, ಅಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ.

ಇದು ಮೊದಲ ವರ್ಷದ ಮಕ್ಕಳ ಗೊಂದಲ ಮಾತ್ರ ಅಂದುಕೊಳ್ಳಬೇಡಿ. 1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರದ ಕರೆಗಳ ಜಾಲ ಸುಮಾರು 9 ಗಂಟೆ ಕಾಲ ಹದಗೆಟ್ಟು ಹೋಯಿತು. ಕರೆಗಳನ್ನು ಜೋಡಿಸುವ ಯಂತ್ರಗಳು ಒಂದಾದ ಮೇಲೊಂದು ಕೈಕೊಟ್ಟು, ಮತ್ತೆ ಶುರುವಾಗಿ, ಪಕ್ಕದ ಯಂತ್ರಗಳನ್ನೂ ಬೀಳಿಸುತ್ತಾ ಹೋದವು. ಹುಡುಕಿದಾಗ ಕಾರಣ ಸಿಕ್ಕಿದ್ದು ಸಿ ಭಾಷೆಯ ಕೋಡ್‌ನಲ್ಲಿ. ಸ್ವಿಚ್‌ನ ಒಂದು ಕೇಸ್ ಒಳಗೆ ಇಫ್, ಆ ಇಫ್ ಒಳಗೆ ಒಂದು ಬ್ರೇಕ್. ಅದು ಇಫ್‌ನಿಂದ ಹೊರಬರಲಿಲ್ಲ, ಬರುವುದೂ ಇಲ್ಲ. ಕೆಲಸ ಮುಗಿಯುವ ಮೊದಲೇ ಸ್ವಿಚ್ಚನ್ನೇ ಬಿಟ್ಟು ಹೊರಬಂತು. ನಿಮ್ಮ ಕ್ಯಾಲ್ಕುಲೇಟರ್‌ನಲ್ಲೂ ಭಾಗಿಸುವ ಕೇಸ್ ಒಳಗೆ ‘ಬ ಸೊನ್ನೆಯಾ?’ ಅಂತ ಇಫ್ ಹಾಕಲೇಬೇಕು. ಅಲ್ಲಿ ಬ್ರೇಕ್ ಬರೆಯುವಾಗ ಅದು ಎಲ್ಲಿಗೆ ಕರೆದುಕೊಂಡು ಹೋಗುತ್ತದೆ ಅಂತ ಬೆರಳಿಟ್ಟು ನೋಡಿ.

ಕಂಪೈಲರ್‌ನ ಸಹಾಯವನ್ನೂ ಪಡೆಯಿರಿ. ಜಿಸಿಸಿ ಎಂಬ ಸಿ ಕಂಪೈಲರ್‌ಗೆ ‘ಡಬ್ಲ್ಯು-ಆಲ್’, ‘ಡಬ್ಲ್ಯು-ಎಕ್ಸ್‌ಟ್ರಾ’ ಎಂಬ ಎರಡು ಎಚ್ಚರಿಕೆ ಆಯ್ಕೆಗಳಿವೆ. 2017ರಲ್ಲಿ ಬಂದ ಜಿಸಿಸಿ 7ರಿಂದ ಎರಡನೆಯದು, ಬ್ರೇಕ್ ಇಲ್ಲದೆ ಒಂದು ಕೇಸ್ ಮುಂದಿನದಕ್ಕೆ ಜಾರಿದರೆ ಆ ಸಾಲನ್ನೇ ತೋರಿಸಿ ಎಚ್ಚರಿಸುತ್ತದೆ. ಲ್ಯಾಬ್‌ನಲ್ಲಿ ಯಾರೂ ಹೇಳಿಕೊಡದಿದ್ದರೂ ಇವೆರಡನ್ನು ಹಾಕದೆ ಕಂಪೈಲ್ ಮಾಡಬೇಡಿ ಅಂತ ನಾನು ಒತ್ತಿ ಹೇಳುತ್ತೇನೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಯಾವಾಗ ಸ್ವಿಚ್, ಯಾವಾಗ ಇಫ್-ಎಲ್ಸ್? ವಿಟಿಯುನ 2022ರ ಪಠ್ಯಕ್ರಮದ ಮೊದಲ ವರ್ಷದ ಲ್ಯಾಬ್ ಪಟ್ಟಿಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಸಿಗುತ್ತದೆ. ಅಲ್ಲಿ ಕ್ಯಾಲ್ಕುಲೇಟರ್ ಜೊತೆಗೆ ಕರೆಂಟ್ ಬಿಲ್ ಲೆಕ್ಕವೂ ಬರುತ್ತದೆ. ಮೊದಲ 200 ಯೂನಿಟ್‌ಗೆ ತಲಾ 80 ಪೈಸೆ, ಮುಂದಿನ 100ಕ್ಕೆ ತಲಾ 90 ಪೈಸೆ, 300 ದಾಟಿದರೆ ಯೂನಿಟ್‌ಗೆ 1 ರೂಪಾಯಿ. ಎಲ್ಲರಿಗೂ ಮೀಟರ್ ಶುಲ್ಕ 100 ರೂಪಾಯಿ. ಒಟ್ಟು 400 ದಾಟಿದರೆ ಶೇ. 15 ಸರ್‌ಚಾರ್ಜ್. ಇದು ಲ್ಯಾಬ್‌ನ ಲೆಕ್ಕ, ನಿಮ್ಮ ಮನೆಯ ಬೆಸ್ಕಾಂ ಬಿಲ್‌ಗೆ ಹೋಲಿಸಬೇಡಿ.

ಕ್ಯಾಲ್ಕುಲೇಟರ್ ಕೇಳುವುದು ‘ಈ ನಾಲ್ಕರಲ್ಲಿ ಯಾವುದು?’ ಅಂತ. ಬಿಲ್ ಕೇಳುವುದು ‘ಎಷ್ಟರಿಂದ ಎಷ್ಟರ ಒಳಗೆ?’ ಅಂತ. ಇವೆರಡೂ ಬೇರೆ ಬೇರೆ ಜಾತಿಯ ಪ್ರಶ್ನೆಗಳು. ಒಂದೇ ಬೆಲೆಯನ್ನು ಮೊದಲೇ ಗೊತ್ತಿರುವ ಒಂದು ಪಟ್ಟಿಯಲ್ಲಿ ಹುಡುಕುವುದಾದರೆ ಸ್ವಿಚ್. ವ್ಯಾಪ್ತಿ ನೋಡಬೇಕಾದರೆ, ಎರಡು ಮೂರು ವಿಷಯ ಸೇರಿಸಿ ನಿರ್ಧಾರ ಮಾಡಬೇಕಾದರೆ, ದಶಮಾಂಶ ಸಂಖ್ಯೆ ಇದ್ದರೆ ಎಲ್ಸ್-ಇಫ್ ಲ್ಯಾಡರ್, ಅಂದರೆ ಒಂದಾದ ಮೇಲೊಂದು ಷರತ್ತು ಕೇಳುವ ಇಫ್-ಎಲ್ಸ್ ಸಾಲು. ಸಿ ಭಾಷೆಯ ಸ್ವಿಚ್‌ಗೆ ಪೂರ್ಣಾಂಕ ಅಥವಾ ಅಕ್ಷರ ಮಾತ್ರ ಕೊಡಬಹುದು, ಕೇಸ್ ಬೆಲೆಗಳು ಕಂಪೈಲ್ ಆಗುವಾಗಲೇ ಗೊತ್ತಿರಬೇಕು. ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಕಾರಣ ಅದೇ: ಅದು ಪಟ್ಟಿಯಲ್ಲಿ ಹುಡುಕುವ ಸಾಧನ, ಹೋಲಿಸುವ ಸಾಧನ ಅಲ್ಲ.

ಬಿಲ್ಲಿನ ಲ್ಯಾಡರ್‌ನಲ್ಲಿ ಎರಡು ಮಾತು ನೆನಪಿಡಿ. ಕ್ರಮ ಮುಖ್ಯ. ‘200ರ ಒಳಗಾ?’ ಅಂತ ಕೇಳಿ ಇಲ್ಲ ಅಂತಾದ ಮೇಲೆ ‘200ಕ್ಕಿಂತ ಜಾಸ್ತಿ ಮತ್ತು 300ರ ಒಳಗಾ?’ ಅಂತ ಮತ್ತೆ ಕೇಳುವುದು ಬೇಡ. 200 ದಾಟಿದೆ ಅಂತ ಆಗಲೇ ಗೊತ್ತಾಗಿದೆ, ‘300ರ ಒಳಗಾ?’ ಸಾಕು. ಇನ್ನೊಂದು, ಗಡಿಯ ಬೆಲೆಗಳನ್ನು ಕೊಟ್ಟು ಪರೀಕ್ಷಿಸಿ. ಈ ಲೆಕ್ಕದಲ್ಲಿ 350 ಯೂನಿಟ್ ಕೊಟ್ಟು ನೋಡಿ. 160, 90, 50 ಸೇರಿ 300, ಮೀಟರ್ ಶುಲ್ಕ ಸೇರಿ ಸರಿಯಾಗಿ 400. ಸರ್‌ಚಾರ್ಜ್ ಇರುವುದು 400 ದಾಟಿದರೆ ಮಾತ್ರ, ಹಾಗಾಗಿ ಇಲ್ಲಿ ಇಲ್ಲ. 351 ಆದರೆ 401, ಸರ್‌ಚಾರ್ಜ್ ಸೇರಿ 461 ರೂಪಾಯಿ 15 ಪೈಸೆ. ‘ದೊಡ್ಡದು’ ಅನ್ನುವ ಕಡೆ ‘ದೊಡ್ಡದು ಅಥವಾ ಸಮ’ ಅಂತ ಬರೆದಿದ್ದರೆ 350ರಲ್ಲೇ 60 ರೂಪಾಯಿ ಜಾಸ್ತಿ ಬರುತ್ತದೆ. 250, 500 ಮಾತ್ರ ಕೊಟ್ಟು ನೋಡಿದರೆ ಈ ತಪ್ಪು ಸಿಗುವುದೇ ಇಲ್ಲ.

ಅಂಕಗಳನ್ನು 10ರಿಂದ ಭಾಗಿಸಿ ಸ್ವಿಚ್‌ಗೆ ಕೊಟ್ಟು ಗ್ರೇಡ್ ಹೇಳುವ ಜಾಣತನವನ್ನೂ ನೀವು ನೋಡಿರಬಹುದು. ಎಲ್ಲ ಗಡಿಗಳೂ ಹತ್ತರ ಮೇಲೇ ಕೂತಿರುವವರೆಗೆ ಅದು ನಡೆಯುತ್ತದೆ. ಪಾಸ್ ಆಗುವ ಗೆರೆ 35 ಆದರೆ 31 ಬಂದವರೂ 39 ಬಂದವರೂ ಒಂದೇ ಕೇಸ್‌ಗೆ ಬೀಳುತ್ತಾರೆ. ವ್ಯಾಪ್ತಿಯ ಪ್ರಶ್ನೆಯನ್ನು ಬಲವಂತವಾಗಿ ಪಟ್ಟಿಯ ಪ್ರಶ್ನೆ ಮಾಡಿದರೆ ಹೀಗಾಗುತ್ತದೆ. ನನಗೆ ಅದು ಬೇಡ.

ಹಾಗಾದರೆ ಪಟ್ಟಿಯ ಪ್ರಶ್ನೆಗೂ ಲ್ಯಾಡರ್ ಬರೆದರೆ ನಷ್ಟ ಏನು? ನಾಲ್ಕು ಚಿಹ್ನೆಯ ಕ್ಯಾಲ್ಕುಲೇಟರ್‌ನಲ್ಲಿ ಏನೂ ಇಲ್ಲ. ನಷ್ಟ ಕಾಣುವುದು ಪಟ್ಟಿ ಬೆಳೆದಾಗ. ಸ್ವಿಚ್ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ನಮ್ಮ ಮೆಟ್ರೋ ತೆಗೆದುಕೊಳ್ಳಿ. 2011ರಲ್ಲಿ ಓಡಾಟ ಶುರುವಾದಾಗ ಇದ್ದದ್ದು ನೇರಳೆ ಮಾರ್ಗ. 2014ರಲ್ಲಿ ಹಸಿರು ಬಂತು. ತುಂಬಾ ವರ್ಷ ಇವೆರಡೇ. ಆ ದಿನಗಳಲ್ಲಿ ಒಬ್ಬರು ಮಾರ್ಗದ ಬಣ್ಣ ಕೊಟ್ಟರೆ ಎರಡು ಕೊನೆಯ ನಿಲ್ದಾಣ ಹೇಳುವ ಆ್ಯಪ್ ಬರೆದರು ಅಂದುಕೊಳ್ಳಿ. ಮಾರ್ಗಗಳನ್ನು ಈನಮ್ ಆಗಿ ಇಟ್ಟರು, ಅಂದರೆ ಹೆಸರಿಟ್ಟ ಬೆಲೆಗಳ ಒಂದು ಪಟ್ಟಿ. ಕೋಡ್ ಹೀಗೆ:

ಇಫ್ (ಮಾರ್ಗ == ನೇರಳೆ) ತೋರಿಸು("ಚಲ್ಲಘಟ್ಟ – ವೈಟ್‌ಫೀಲ್ಡ್");
ಎಲ್ಸ್ ತೋರಿಸು("ಮಾದಾವರ – ರೇಷ್ಮೆ ಸಂಸ್ಥೆ");

ಎರಡೇ ಮಾರ್ಗ ಇರುವಾಗ ಇದು ಸರಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾಯಿತು. ಈನಮ್‌ಗೆ ಹಳದಿ ಸೇರಿಸಿದರು. ಪ್ರೋಗ್ರಾಂ ಸರಾಗವಾಗಿ ಕಂಪೈಲ್ ಆಯಿತು. ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವವರು ಹಳದಿ ಒತ್ತಿದರೆ ಆ್ಯಪ್ ರೇಷ್ಮೆ ಸಂಸ್ಥೆ ಅನ್ನುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ತಪ್ಪು ಉತ್ತರ ಮಾತ್ರ ಇದೆ.

ಇದನ್ನೇ ಸ್ವಿಚ್‌ನಲ್ಲಿ ನೇರಳೆಗೊಂದು ಕೇಸ್, ಹಸಿರಿಗೊಂದು ಕೇಸ್ ಬರೆದು, ಡಿಫಾಲ್ಟ್ ಬರೆಯದೆ ಬಿಟ್ಟಿದ್ದರೆ? ಹಳದಿ ಸೇರಿಸಿದ ದಿನವೇ ಜಿಸಿಸಿ ‘ಡಬ್ಲ್ಯು-ಆಲ್’ ಅಡಿಯಲ್ಲಿ ಈ ಸ್ವಿಚ್‌ನಲ್ಲಿ ಹಳದಿಗೆ ಕೇಸ್ ಇಲ್ಲ ಅಂತ ಎಚ್ಚರಿಸುತ್ತಿತ್ತು. ಇಡೀ ಪ್ರೋಗ್ರಾಂನಲ್ಲಿ ಇಂಥ ಇಪ್ಪತ್ತು ಸ್ವಿಚ್ ಇದ್ದರೆ ಇಪ್ಪತ್ತನ್ನೂ ತೋರಿಸುತ್ತಿತ್ತು. ಗುಲಾಬಿ, ನೀಲಿ ಮಾರ್ಗ ಸೇರಿಸುವಾಗಲೂ ಅಷ್ಟೇ. ಎಲ್ಲೆಲ್ಲಿ ತಿದ್ದಬೇಕು ಅಂತ ನೀವು ನೆನಪಿಟ್ಟುಕೊಳ್ಳಬೇಕಿಲ್ಲ.

‘ಡಿಫಾಲ್ಟ್ ಬರೆಯದೆ’ ಅಂದದ್ದು ಗಮನಿಸಿದಿರಾ? ಡಿಫಾಲ್ಟ್ ಯಾವಾಗಲೂ ಬರೆಯಬೇಕು ಅಂತ ನಿಮಗೆ ಹೇಳಿಕೊಟ್ಟಿರುತ್ತಾರೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬೆಲೆ ಹೊರಗಿನಿಂದ ಬರುವುದಾದರೆ, ಅಂದರೆ ಕೀಬೋರ್ಡ್, ಫೈಲ್, ನೆಟ್‌ವರ್ಕ್‌ನಿಂದ, ಡಿಫಾಲ್ಟ್ ಬರೆಯಲೇಬೇಕು. ಜನ ಏನು ಒತ್ತುತ್ತಾರೋ ಹೇಳಲಾಗದು. ಆದರೆ ಬೆಲೆ ನೀವೇ ಮಾಡಿದ ಈನಮ್ ಆಗಿದ್ದರೆ ಡಿಫಾಲ್ಟ್ ಹಾಕಿದ ಕ್ಷಣ ಕಂಪೈಲರ್ ಸುಮ್ಮನಾಗುತ್ತದೆ. ಉಳಿದದ್ದಕ್ಕೆಲ್ಲ ವ್ಯವಸ್ಥೆ ಆಗಿದೆ ಅಂದುಕೊಳ್ಳುತ್ತದೆ. ಅಂಥ ಕಡೆ ಪ್ರತಿ ಕೇಸ್‌ನಲ್ಲೂ ರಿಟರ್ನ್ ಮಾಡಿ, ಸ್ವಿಚ್ ಮುಗಿದ ಮೇಲೆ ‘ಇಲ್ಲಿಗೆ ಬರಬಾರದಿತ್ತು’ ಅಂತ ತಿಳಿಸಿ ಪ್ರೋಗ್ರಾಂ ನಿಲ್ಲಿಸುವ ಒಂದು ಸಾಲು ಹಾಕಿ. ಸಿ ಭಾಷೆಯ ಈನಮ್ ಒಳಗೆ ಪಟ್ಟಿಯಲ್ಲಿಲ್ಲದ ಸಂಖ್ಯೆಯೂ ಸೇರಿಕೊಳ್ಳಬಹುದು, ಅದಕ್ಕೆ ಈ ಸಾಲು ಬೇಕು.

ಹೊಸ ಭಾಷೆಗಳು ಇದನ್ನು ಎಚ್ಚರಿಕೆಗೆ ಬಿಡದೆ ನಿಯಮವನ್ನೇ ಮಾಡಿವೆ. ರಸ್ಟ್ ಭಾಷೆಯಲ್ಲಿ ಸ್ವಿಚ್ ಬದಲಿಗಿರುವ ಮ್ಯಾಚ್‌ನಲ್ಲಿ ಒಂದು ಆಯ್ಕೆ ಬಿಟ್ಟರೂ ಪ್ರೋಗ್ರಾಂ ಕಂಪೈಲ್ ಆಗುವುದಿಲ್ಲ. ಜಾವಾದಲ್ಲಿ 2020ರ ಮಾರ್ಚ್‌ನಲ್ಲಿ ಬಂದ 14ನೇ ಆವೃತ್ತಿಯಿಂದ ಸ್ವಿಚ್ ಒಂದು ಬೆಲೆಯನ್ನೇ ಹಿಂದಿರುಗಿಸಬಲ್ಲದು. ಕೇಸ್ ಮುಂದೆ ಕೋಲನ್ ಬದಲು ಬಾಣದ ಗುರುತು ಹಾಕಿದರೆ ಜಾರುವುದೂ ಇಲ್ಲ, ಬ್ರೇಕ್ ಬೇಕಾಗಿಯೂ ಇಲ್ಲ. ಬೆಲೆ ಕೊಡುವ ಆ ಬಗೆಯ ಸ್ವಿಚ್‌ನಲ್ಲಿ ಈನಮ್‌ನ ಒಂದು ಬೆಲೆ ಬಿಟ್ಟುಹೋದರೆ ಅದು ಎರರ್. ಗೋ ಮತ್ತು ಸ್ವಿಫ್ಟ್‌ನಲ್ಲಿ ತಾನಾಗಿ ಜಾರುವುದಿಲ್ಲ, ಜಾರಬೇಕಾದರೆ ಅದಕ್ಕೆಂದೇ ಇರುವ ಕೀವರ್ಡ್ ಬರೆಯಬೇಕು. ಐವತ್ತು ವರ್ಷ ಜನ ಬ್ರೇಕ್ ಮರೆತು ಅನುಭವಿಸಿದ್ದರ ಫಲ ಇದು.

ಲೆಕ್ಚರರ್ ಹೇಳಿದ ವೇಗದ ವಿಷಯ. ಅವರು ಹೇಳಿದ್ದು ಸುಳ್ಳಲ್ಲ. ಕೇಸ್ ಬೆಲೆಗಳು 1, 2, 3 ಅಂತ ಒತ್ತೊತ್ತಾಗಿದ್ದರೆ ಕಂಪೈಲರ್ ಜಂಪ್ ಟೇಬಲ್ ಅನ್ನುವ ವಿಳಾಸಗಳ ಪಟ್ಟಿ ಮಾಡಿಕೊಳ್ಳುತ್ತದೆ. ಬೆಲೆಯನ್ನೇ ಆ ಪಟ್ಟಿಯ ಕ್ರಮಸಂಖ್ಯೆ ಮಾಡಿಕೊಂಡು ನೇರ ಜಿಗಿಯುತ್ತದೆ, ಒಂದೊಂದಾಗಿ ಹೋಲಿಸುವುದಿಲ್ಲ. ಬೆಲೆಗಳು 5, 900, 70000 ಅಂತ ದೂರ ದೂರ ಇದ್ದರೆ ಟೇಬಲ್ ಮಾಡಿದರೆ ಜಾಗ ದಂಡ. ಆಗ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತಾ ಹುಡುಕುವ ಕೋಡ್ ಬರೆಯುತ್ತದೆ. ಮೂರು ನಾಲ್ಕೇ ಕೇಸ್ ಇದ್ದರೆ ಮಾಮೂಲಿ ಇಫ್ ಥರವೇ. ಈಗಿನ ಜಿಸಿಸಿ ಸರಿಯಾದ ಎಲ್ಸ್-ಇಫ್ ಲ್ಯಾಡರ್ ಕಂಡರೆ ಅದನ್ನು ತಾನೇ ಸ್ವಿಚ್ ಮಾಡಿಕೊಳ್ಳುವಷ್ಟು ಬೆಳೆದಿದೆ. ಹಾಗಾಗಿ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಕೇಳಿದರೆ ಜಂಪ್ ಟೇಬಲ್ ವಿವರಿಸಿ, ಒಳ್ಳೆಯ ಉತ್ತರ ಅದು. ಆದರೆ ಕೋಡ್ ಬರೆಯುವಾಗ ವೇಗಕ್ಕಾಗಿ ಸ್ವಿಚ್ ಆರಿಸಬೇಡಿ. ಓದುವವರಿಗಾಗಿ ಆರಿಸಿ, ಮುಂದೆ ತಿದ್ದುವವರಿಗಾಗಿ ಆರಿಸಿ.

ಅಣ್ಣ ಹೇಳಿದ್ದರ ಹಿಂದೆಯೂ ಅನುಭವ ಇದೆ. ದೊಡ್ಡ ಪ್ರೋಗ್ರಾಂಗಳಲ್ಲಿ ಒಂದೇ ಪಟ್ಟಿಯ ಮೇಲೆ ಹತ್ತಾರು ಕಡೆ ಸ್ವಿಚ್ ಹರಡಿಕೊಂಡಿರುತ್ತದೆ. ಮಾರ್ಗದ ಬಣ್ಣಕ್ಕೊಂದು, ಕೊನೆ ನಿಲ್ದಾಣಕ್ಕೊಂದು, ರೈಲು ಬಿಡುವ ಸಮಯಕ್ಕೊಂದು. ಅಂಥ ಕಡೆ ಪ್ರತಿ ಮಾರ್ಗದ ವಿವರವನ್ನೂ ಒಂದು ಕಡೆ ಸೇರಿಸಿ ಟೇಬಲ್ ಮಾಡುವುದು ಉತ್ತಮ: ಸಿ ಭಾಷೆಯಲ್ಲಿ ಸ್ಟ್ರಕ್ಚರ್‌ಗಳ ಅರೇ, ಜಾವಾದಲ್ಲಿ ಕ್ಲಾಸ್ ಮತ್ತು ಮೆಥಡ್. ಆಗ ಹೊಸ ಮಾರ್ಗ ಅಂದರೆ ಟೇಬಲ್‌ಗೆ ಒಂದು ಸಾಲು ಸೇರಿಸಿದರೆ ಆಯಿತು. ಕೊನೆ ನಿಲ್ದಾಣದಂಥ ಬರೀ ಮಾಹಿತಿಗೆ ನಾನೂ ಟೇಬಲ್ ಅನ್ನೇ ಆರಿಸುತ್ತೇನೆ. ಆದರೆ ಪ್ರತಿ ಆಯ್ಕೆಗೂ ಮಾಡುವ ಕೆಲಸವೇ ಬೇರೆಯಾಗಿದ್ದು, ಅದು ಒಂದೇ ಜಾಗದಲ್ಲಿ ಬರುವುದಾದರೆ ಸ್ವಿಚ್‌ಗಿಂತ ಸ್ಪಷ್ಟವಾದದ್ದು ಇಲ್ಲ. ‘ಬಳಸಲೇಬೇಡ’ ಅನ್ನುವುದು ಅತಿಯಾಯಿತು. ಅಣ್ಣನ ಕಂಪನಿಯ ಕೋಡ್‌ಗೆ ಅದು ಸರಿ ಇರಬಹುದು, ನಿಮ್ಮ ಮೆನುವಿಗೆ ಅಲ್ಲ.

ಇನ್ನು ಪೈಥಾನ್. ಸ್ವಿಚ್ ಇಲ್ಲ ಅನ್ನುವುದು ಹಳೆಯ ಸುದ್ದಿ. 2021ರ ಅಕ್ಟೋಬರ್‌ನಲ್ಲಿ ಬಂದ 3.10ನೇ ಆವೃತ್ತಿಯಿಂದ ಮ್ಯಾಚ್-ಕೇಸ್ ಇದೆ. ಅದಕ್ಕೆ ಮೊದಲು ಜನ ಲ್ಯಾಡರ್ ಬರೆಯುತ್ತಿದ್ದರು, ಇಲ್ಲವೇ ಡಿಕ್ಷನರಿಯಲ್ಲಿ ಚಿಹ್ನೆಯ ಎದುರು ಫಂಕ್ಷನ್ ಇಟ್ಟು ಕರೆಯುತ್ತಿದ್ದರು. ಆ ಡಿಕ್ಷನರಿ ಉಪಾಯ ಈಗಲೂ ಒಳ್ಳೆಯದೇ. ಮ್ಯಾಚ್‌ನಲ್ಲಿ ಬ್ರೇಕ್ ಬೇಡ, ಜಾರುವುದಿಲ್ಲ. ಹಲವು ಬೆಲೆಗಳ ನಡುವೆ ಒಂಟಿ ಕಂಬದ ಗುರುತು (|) ಹಾಕಿದರೆ ‘ಇದು ಅಥವಾ ಅದು’ ಅಂತ ನಿಜವಾಗಿಯೂ ಕೆಲಸ ಮಾಡುತ್ತದೆ. ಡಿಫಾಲ್ಟ್ ಬದಲಿಗೆ ಅಂಡರ್‌ಸ್ಕೋರ್. ಲೂಪ್ ಒಳಗಿನ ಮ್ಯಾಚ್‌ನಲ್ಲಿ ಬ್ರೇಕ್ ಬರೆದರೆ ಅದು ಲೂಪ್‌ನಿಂದಲೇ ಹೊರಬರುತ್ತದೆ. ನೀವು ಸಿ ಭಾಷೆಯಲ್ಲಿ ಬಯಸಿದ್ದು ಅದೇ ಅಲ್ವಾ?

ಆದರೆ ಇಲ್ಲಿ ಹೊಸದೊಂದು ಗುಂಡಿ ಇದೆ. ಸಿ ಭಾಷೆಯಿಂದ ಬಂದವರು ಅದರಲ್ಲೇ ಬೀಳುತ್ತಾರೆ.

ಹಳದಿ = 3
ಮ್ಯಾಚ್ ಮಾರ್ಗ:
  ಕೇಸ್ ಹಳದಿ:
    ತೋರಿಸು("ಆರ್.ವಿ. ರಸ್ತೆ – ಬೊಮ್ಮಸಂದ್ರ")

ಮಾರ್ಗ 3 ಆಗಿದ್ದರೆ ಮಾತ್ರ ಇದು ಓಡುತ್ತದೆ ಅನ್ನಿಸುತ್ತದೆ. ಹಾಗಲ್ಲ. ಪೈಥಾನ್‌ನ ಕೇಸ್ ಮುಂದೆ ಬರೀ ಹೆಸರು ಬಂದರೆ ಅದರ ಬೆಲೆಗೆ ಹೋಲಿಸುವುದಿಲ್ಲ. ಬಂದ ಬೆಲೆ ಏನಿದ್ದರೂ ಹಿಡಿದು ಆ ಹೆಸರಿಗೆ ತುಂಬುತ್ತದೆ. ಮಾರ್ಗ 1 ಆಗಿದ್ದರೂ ಬೊಮ್ಮಸಂದ್ರ ಅಂತಲೇ ಬರುತ್ತದೆ, ಹಳದಿ ಅನ್ನುವ ಹೆಸರಿನೊಳಗೆ 1 ಕೂತಿರುತ್ತದೆ. ಇದರ ಕೆಳಗೆ ಇನ್ನೊಂದು ಕೇಸ್ ಇದ್ದರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಟ್ಟು ಉಳಿಸುತ್ತದೆ. ಇದೇ ಕೊನೆಯದಾಗಿದ್ದರೆ ಸದ್ದಿಲ್ಲದೆ ತಪ್ಪಾಗುತ್ತದೆ. ಬಣ್ಣಗಳನ್ನು ಈನಮ್ ಕ್ಲಾಸ್‌ನಲ್ಲಿ ಇಟ್ಟು ‘ಕೇಸ್ ಬಣ್ಣ.ಹಳದಿ’ ಅಂತ ಚುಕ್ಕಿ ಹಾಕಿ ಬರೆಯಿರಿ. ಚುಕ್ಕಿ ಇದ್ದರೆ ಹೋಲಿಸುತ್ತದೆ. ಕನ್ನಡ ಮಾಧ್ಯಮದಿಂದ ಬಂದಿದ್ದೀರಿ ಅಂತ ಇನ್ನೊಂದು ವಿಷಯ ಹೇಳುತ್ತೇನೆ. ಪೈಥಾನ್ 3ರಲ್ಲಿ ಕೀವರ್ಡ್‌ಗಳು ಇಂಗ್ಲಿಷ್‌ನಲ್ಲೇ ಇರಬೇಕು. ಆದರೆ ಹಳದಿ, ಮಾರ್ಗ, ಬಣ್ಣ ಅನ್ನುವ ಹೆಸರುಗಳನ್ನು ಇಲ್ಲಿರುವ ಹಾಗೆ ಕನ್ನಡ ಅಕ್ಷರದಲ್ಲೇ ಇಡಬಹುದು, ಪ್ರೋಗ್ರಾಂ ಓಡುತ್ತದೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಒಮ್ಮೆ ಹಾಗೆ ಬರೆದು ನೋಡಿ.